ಹಳೇ ವ್ಯಾನಿನವರ ಬಾಯಿ ಬಿಡಿಸುವ ಕೆಲಸ

ಹಂಪಿಯ ನಮ್ಮ ಗೆಸ್ಟ್ ಹೌಸಿಗೆ ಹಳೇ ವ್ಯಾನು ರಿಪೇರಿ ಮಾಡಿಸಿ, ಅದರಲ್ಲೇ ಉಂಡು ಮಲಗಿ ಊರೂರು ಸುತ್ತುವವರು ಬರುತ್ತಾರೆ. ಅವರ ಕಥೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು ಮಾಲೀಕರು ನನಗೆ ಹಚ್ಚಿದ ಕೆಲಸ. ಅವತ್ತು ಮಗಳಿಗೆ ಜ್ವರ. ಒಂದು ಕಥೆ ಸಿಕ್ಕರೆ ಮನೆಗೆ ಹೋಗಬಹುದಿತ್ತು. ಸಂಡೂರಿನಿಂದ ಬಂದಿದ್ದ ಹಿರಿಯರೊಬ್ಬರ ವ್ಯಾನನ್ನು ಹೊಗಳಿ ಹೊಗಳಿ ನನ್ನ ಬಾಯಿ ಒಣಗಿತು.

“ಹೇಳಾಕ ಏನೈತವ್ವ? ಕೆಟ್ಟಿತ್ತು, ಮಾಡಿಸ್ದೆ” ಎಂದು ಅವರು ಚಹಾ ಹೀರಿದರು.

ನನಗೆ ತಲೆ ಕೆಟ್ಟಿತು. “ಹೋಗ್ಲಿ ಬಿಡ್ರಿ ಕಾಕಾ. ಇದು ಇಲ್ಲೇ ಪಕ್ಕದ ಕಂಪ್ಲಿತನಕನೂ ಹೋಗಂಗಿಲ್ಲ ಅನಸ್ತೈತಿ” ಎಂದು ಎದ್ದೆ.

“ಏನಂದಿ? ಇದು ಗೋವಾದ ಘಾಟ್ ಹತ್ತಿ ಬಂದೈತಿ. ಕುಂದ್ರು ಇಲ್ಲೆ” ಎಂದವರು ತುಕ್ಕು ಕೆರೆದ ದಿನದಿಂದ ಶುರು ಮಾಡಿದರು. ಮನೆಯಲ್ಲಿ ಮಗಳನ್ನು ನೋಡಿಕೊಳ್ಳುತ್ತಿದ್ದ ಅತ್ತೆಯ ಫೋನು ಬರುತ್ತಲೇ ಇತ್ತು. ಹೊತ್ತು ಮುಳುಗಿದರೂ ಅವರ ವ್ಯಾನು ಗೋವಾ ಮುಟ್ಟಿರಲಿಲ್ಲ.

ಈಗ ನಾನು ಯಾರ ವ್ಯಾನನ್ನೂ ಹೊಗಳುವುದಿಲ್ಲ. ಮಗಳು ಆರಾಮಾಗಿದ್ದ ದಿನ ಮಾತ್ರ ಹೀಯಾಳಿಸುತ್ತೇನೆ.