ಮತ್ತ ಬಂತಂದ್ರ ಚಲೋ ಆತು

ಹೋದ ದೋಷ ಮರಳಿ ಬಂದರೆ ಇಳಕಲ್ಲಿನ ನಮ್ಮ ಮೆಕ್ಯಾನಿಕ್‌ಗೆ ನೆಂಟರು ಬಂದಷ್ಟು ಖುಷಿ. ಸೈಲೆನ್ಸರ್ ಪೈಪಿನ ಸೆನ್ಸರ್ ಬದಲಿಸಿದ ಮೇಲೂ ನನ್ನ ಕಾರಿನ ಎಂಜಿನ್ ದೀಪ ಹತ್ತಿದಾಗ, ಅರಿವೆಯಲ್ಲಿ ಕೈ ಒರೆಸಿಕೊಳ್ಳುತ್ತ, "ಮತ್ತ ಬಂತಂದ್ರ ಚಲೋ ಆತು ಬಿಡ್ರಿ. ಈಗ ಸಿಗತೈತಿ" ಎಂದರು.

ಅವ್ವನನ್ನು ಬಾಗಲಕೋಟೆಯ ದವಾಖಾನೆಗೆ ಮರುತಪಾಸಣೆಗೆಂದು ಕರೆದೊಯ್ಯುವ ದಿನ, ದೀಪ ಯಾವಾಗ ಹತ್ತುತ್ತದೆಂದು ನೋಡಲು ಮೆಕ್ಯಾನಿಕ್ ತಾವೂ ಕಾರು ಹತ್ತಿದರು. ಹುನಗುಂದದ ಹತ್ತಿರ ಕಾರು ಕುಲುಕಿದೊಡನೆ ದೀಪ ಹತ್ತಿತು. ನಿಲ್ಲಿಸಿ ಕೆಳಗೆ ನುಸುಳಿದರು. ಸೆನ್ಸರಿನ ವೈರು ಬಿಸಿ ಪೈಪಿಗೆ ತಾಗಿ ಸುಟ್ಟುಹೋಗಿತ್ತು. ಪೈಪು ಆರುವವರೆಗೆ ಕಾದು, ಟೇಪು ಸುತ್ತಿ, ವೈರನ್ನು ದೂರ ಸರಿಸಿ ಕಟ್ಟಿದರು.

ನನಗೇ ಹೇಳದೆ ಮುಚ್ಚಿಟ್ಟಿದ್ದನ್ನು ಅವ್ವ ಆಗ ಅವರಿಗೆ ಹೇಳಿದಳು: "ನನಗೂ ತಲಿ ತಿರಗೂದು ಮತ್ತ ಚಾಲೂ ಆಗೈತಿ, ತಮ್ಮಾ."

"ಚಲೋ ಆತು ಬಿಡ್ರಿ ಅವ್ವಾರ. ಡಾಕ್ಟರ್ ಮುಂದ ಹೇಳ್ರಿ, ಈಗ ಸಿಗತೈತಿ."