ಕೆರೆಯ ಕಡೆಯ ಪಾಲು

ಸವಣೂರಿನ ನಮ್ಮ ವೀಳ್ಯದ ಎಲೆತೋಟ ಎರಡು ಪಾಲಾದಾಗ ಕೆರೆದಂಡೆಯದು ನನ್ನ ನೆಗೆಣ್ಣಿಗೆ, ಭಾವನ ಹೆಂಡತಿಗೆ, ಹೋಯಿತು. ಬಯಲ ಕಡೆಯದು ನನಗೆ ಬಂತು. ಚಳಿಗಾಲದಲ್ಲಿ ನನ್ನ ಬಳ್ಳಿ ಹಳದಿಯಾಗಿ ಎಲೆ ಉದುರಿಸುತ್ತಿತ್ತು. ಅವಳದು ಹಸಿರೋ ಹಸಿರು. ಊರವರು ಅದಕ್ಕೆ ಕೈಗುಣ ಎಂದರು. ಹೊಸ ತೋಟ ಮಾಡುವವರೆಲ್ಲ ಮೊದಲ ಬಳ್ಳಿ ಊರಲು ಅವಳನ್ನೇ ಕರೆದು, ಸೀರೆ, ಕುಬಸದ ಖಣ ಕೊಟ್ಟು ಕಳಿಸಿದರು. ನನ್ನನ್ನು ಒಬ್ಬರೂ ಕರೆಯಲಿಲ್ಲ. ಆ ಖಣಗಳನ್ನು ಅವಳು ಬಿಸಿಲಿಗೆ ಹರವುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ, ಈಗಲೂ ಉರಿಯುತ್ತದೆ.

ಈ ಮಳೆಗಾಲದಲ್ಲಿ ನನ್ನ ಮಗ ಬಯಲಿನ ಆಚೆ ತುದಿಗೆ ಹೊಸ ತೋಟ ಮಾಡಿದ. ನನ್ನ ಮನೆಯ ಅನ್ನ ಉಣ್ಣುವ ನನ್ನ ಸೊಸೆಯೇ, "ಮೊದಲನೇ ಬಳ್ಳಿ ದೊಡ್ಡತ್ತಿ ಕೈಲೆ ಊರಸೋಣ್ರಿ" ಎಂದಳು.

"ಯಾಕ, ನನ್ನ ಕೈ ಸುಟ್ಟಾವೇನ?" ಎಂದೆ. ಅವಳು ಮನಸ್ಸು ಬದಲಿಸಲಿಲ್ಲ.

ಅದೇ ವಾರ ನೆಗೆಣ್ಣಿಯ ಮನೆಗೆ ಹೋಗಿದ್ದೆ. ಅವಳ ಸೊಸೆ ಶಾಲೆಯ ಅಕ್ಕೋರು. ಕಟ್ಟೆಯ ಮೇಲೆ ಗ್ಲೋಬು ಇಟ್ಟುಕೊಂಡು ಓಣಿಯ ಮಕ್ಕಳಿಗೆ ರಷ್ಯಾದ ಚಳಿ ಹೇಳುತ್ತಿದ್ದಳು. ನನ್ನ ಶಾಲೆ ಎರಡನೇ ಇಯತ್ತೆಗೇ ಮುಗಿದಿತ್ತು. ಆದರೂ ಗ್ಲೋಬಿನ ಕೆಳಭಾಗ ತೋರಿಸಿ ಕೇಳಿದೆ: "ಮ್ಯಾಲೆ ಅಷ್ಟು ಥಂಡಿ ಇದ್ರ ಕೆಳಗೂ ಅಷ್ಟ ಇರಬೇಕಲ್ಲವಾ?"

"ಇಲ್ರಿ ಸಣ್ಣತ್ತಿ. ಮ್ಯಾಲಿನ ಅರ್ಧಕ್ಕ ನೆಲ ಭಾಳ. ರಷ್ಯಾದ ನಡುವ ನಿಂತ್ರ ಸಮುದ್ರ ಎಲ್ಲೋ ದೂರ. ನೆಲ ಲಗೂ ಕಾಯತೈತಿ, ಲಗೂ ಆರತೈತಿ. ಅದಕ್ಕ ಬ್ಯಾಸಿಗ್ಯಾಗ ಸೆಕಿ, ಚಳ್ಯಾಗ ಹೊಳಿ ಸೈತ ಗಟ್ಟಿ ಆಗತಾವು. ಕೆಳಗಿನ ಅರ್ಧಕ್ಕ ನಡುವಿನ ಗೆರಿಯಿಂದ ಅಷ್ಟ ದೂರ ಹ್ವಾದ್ರ ಬರೇ ನೀರು. ಇರೂ ನೆಲಾನೂ ಸಣ್ಣ ಪಟ್ಟಿ, ಎರಡೂ ಮಗ್ಗಲಿಗೆ ಸಮುದ್ರ. ನೀರು ಬ್ಯಾಸಿಗಿ ಕಾವು ಹಿಡಕೊಂಡು ಚಳ್ಯಾಗ ಸಾವಕಾಶ ಬಿಡತೈತಿ. ತೀರಾ ತುದಿಗೆ ಬರ್ಫ ಐತಿ, ಅದು ಬ್ಯಾರೆ ಮಾತು."

"ಅಂದ್ರ ಥಂಡಿ ತಡಿಯೂದು ನೀರು?"

"ಹೌದ್ರಿ."

ಎದ್ದು ನಿಂತೆ. "ಹಂಗಾರ ನಿಮ್ಮತ್ತಿ ಕೈಯಾಗ ಏನೂ ಇಲ್ಲ. ಎಲ್ಲಾ ಕೆರಿ ಮಾಡಿದ್ದು!"

ಒಳಗಿನಿಂದ ನೆಗೆಣ್ಣಿ ಕೂಗಿದಳು: "ಅಷ್ಟು ಉರಿಯೂ ಹೊಟ್ಟಿ ಇಟಗೊಂಡು ನಿನ್ನ ಬಳ್ಳಿಗೆ ಥಂಡಿ ಹೆಂಗ ಹತ್ತತೈತೆ ಯವ್ವಾ?" ಎಲ್ಲರೂ ನಕ್ಕರು, ಅಕ್ಕೋರೂ.

ಮನೆಗೆ ಬಂದು ಮಗನಿಗೆ ಹೇಳಿದರೆ, "ರಷ್ಯಾದಾಗ ಎಲಿಬಳ್ಳಿ ಹಚ್ಚತಾರೇನಬೇ?" ಎಂದ. ನೆಗೆಣ್ಣಿಯನ್ನು ಕರೆಸಿಯೇ ಬಿಟ್ಟರು. ಅವಳು ಬಳ್ಳಿ ಊರಿದಳು. ಸೀರೆಯನ್ನು ನನ್ನ ಕೈಯಿಂದಲೇ ಕೊಡಿಸಿದರು.

ಈಗ ಬಳ್ಳಿ ಎದೆಯೆತ್ತರ ಬಂದಿದೆ. ಅಲ್ಲಿ ಸುತ್ತ ಕೆರೆಯಿಲ್ಲ, ಹೊಂಡವಿಲ್ಲ, ಪೈಪಿನ ನೀರು. ಚಳಿಗೆ ಎಲೆ ಹಳದಿಯಾದರೆ ಹಾನಿ ನನ್ನ ಮಗನಿಗೇ, ಗೊತ್ತು. ಆದರೂ ಬೆಳಿಗ್ಗೆ ಎದ್ದವಳೇ ಅಂಗಳಕ್ಕೆ ಬಂದು, ಸೆರಗು ಸರಿಸಿ ತೋಳಿಗೆ ಗಾಳಿ ತಾಗಿಸಿಕೊಂಡು ನಿಲ್ಲುತ್ತೇನೆ, ಚಳಿ ಬಿತ್ತೇನು ಎಂದು.