ಜಡೆಗಂಟಿಗೆ ತಿಕ್ಕಿದ ಹರಳೆಣ್ಣೆ

ನಮ್ಮ ಯಜಮಾನರಿಗೂ ಅಳಿಯನಿಗೂ ಮಾತು ಹುಟ್ಟಿದ್ದು ಹಗ್ಗದ ಗಂಟಿನಿಂದ. ಹೋದದ್ದೂ ಅದರಿಂದಲೇ.

ಅಳಿಯ ಲಕ್ಕೂರಿನ ಕಡೆಯವನು. ಮಗಳು ನರಸಾಪುರದ ಫ್ಯಾಕ್ಟರಿಗೆ ಹೋಗುವಾಗ ಕಂಪನಿ ಬಸ್ಸಿನಲ್ಲಿ ಪರಿಚಯವಾದವನು. ಮದುವೆ ನಾವೇ ನಿಂತು ಮಾಡಿದೆವು. ಆದರೂ ನಮ್ಮನ್ನು ಕೇಳದೆ ಆರಿಸಿಕೊಂಡಳು ಎಂಬುದು ಇವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಅವನು ನಮ್ಮೂರು ಗೌನಿಪಲ್ಲಿಗೆ ಬಂದರೆ "ಬನ್ನಿ, ಕೂತ್ಕೊಳ್ಳಿ" ಎಂದು ಹೇಳಿ ಇವರು ಮಾವಿನ ತೋಪಿಗೆ ಹೋಗಿಬಿಡುತ್ತಿದ್ದರು. ತೋಪಿನಲ್ಲಿ ಏನೂ ಕೆಲಸವಿರುತ್ತಿರಲಿಲ್ಲ. ಹೀಗೇ ವರ್ಷಗಳು ಹೋದವು. ಮಗಳು ಬರುವುದನ್ನೇ ಕಮ್ಮಿ ಮಾಡಿದಳು.

ಆಮೇಲೆ ಅಳಿಯ ಫ್ಯಾಕ್ಟರಿ ಬಿಟ್ಟು ಮರದ ಕೆಲಸ ಹಿಡಿದ. ಮನೆಯ ಮೇಲೆ ಬಾಗಿದ ಕೊಂಬೆ, ಕರೆಂಟು ತಂತಿಗೆ ತಾಗುವ ಕೊಂಬೆ, ಇಂಥವನ್ನು ಹಗ್ಗದಲ್ಲಿ ನೇತಾಡಿಕೊಂಡು ಕುಯ್ಯುವುದು. ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್ಟು. ನಮ್ಮ ಯಜಮಾನರು ಸೊಂಟಕ್ಕೆ ತೆಂಗಿನ ನಾರಿನ ಹಗ್ಗ ಬಿಗಿದು ಬರಿಗಾಲಲ್ಲಿ ಹುಣಸೆಮರ ಹತ್ತಿಯೇ ಮುದುಕರಾದವರು. ಅಳಿಯ ನಮ್ಮ ಹೊಲದ ಬದುವಿನ ಹುಣಸೆ ಇಳಿಸಿಕೊಡುತ್ತೇನೆಂದು ಮಗಳ ಜೊತೆ ಬಂದು ಚೀಲ ಬಿಚ್ಚಿದಾಗ ಇವರು ತೋಪಿಗೆ ಹೋಗಲಿಲ್ಲ. ಜಗಲಿಯಲ್ಲಿ ಕೂತರು.

ದೊಡ್ಡ ಹಗ್ಗವನ್ನು ಕೊಂಬೆಗೆ ಹಾಕಿ, ಅದರ ಮೇಲೆ ಸಣ್ಣ ಹಗ್ಗ ಸುತ್ತಿ ಗಂಟು ಹಾಕುತ್ತಾರೆ. ಭಾರ ಬಿಟ್ಟರೆ ಆ ಗಂಟು ಕಚ್ಚಬೇಕು, ಭಾರ ತೆಗೆದರೆ ಜಾರಬೇಕು. ಮನುಷ್ಯನ ಜೀವ ಅದರ ಮೇಲೆಯೇ. ಅಳಿಯ ಬಗೆಬಗೆಯ ಗಂಟು ಹಾಕಿ ಜಗಲಿಯ ಕಂಬಕ್ಕೆ ಬಿಗಿದ ಹಗ್ಗದಲ್ಲಿ ಎಳೆದು ತೋರಿಸಿದ. ಹೆಸರೆಲ್ಲ ಇಂಗ್ಲಿಷಿನವು.

ಮೊದಲನೆಯದು ಕಚ್ಚಿದ್ದು ಬಿಡಲೇ ಇಲ್ಲ, ಉಗುರು ಹಾಕಿ ಬಿಡಿಸಬೇಕಾಯಿತು.

"ಇದು ನಮ್ಮಮ್ಮ ಇದ್ದಂಗೈತೆ" ಎಂದರು ಇವರು. "ಹಿಡಿದ್ರೆ ಮುಗೀತು."

"ಅದನ್ನ ನನ್ನ ಕೇಳಿ" ಎಂದೆ ನಾನು ಒಳಗಿನಿಂದ.

ಅಳಿಯ ನಕ್ಕ. ಇವರೂ ನಕ್ಕರು. ಇಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಇನ್ನೊಂದು ಗಂಟು ಬೇಗ ಜಾರುತ್ತಿತ್ತು. ಕೊನೆಯದು ಸಣ್ಣ ಹಗ್ಗದ ಎರಡು ತುದಿಗಳನ್ನೂ ಜಡೆ ಹೆಣೆದ ಹಾಗೆ ಅಡ್ಡಡ್ಡ ಹಾಕುವುದು. ಎಳೆದರೆ ಕಚ್ಚುತ್ತಿತ್ತು, ಬೆರಳಲ್ಲಿ ಒತ್ತಿದರೆ ಇಳಿಯುತ್ತಿತ್ತು. ಇವರು ಅದನ್ನು ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದರು. ಇವರಿಗೆ ಮನಸ್ಸು ತುಂಬಿದಾಗ ತೆಲುಗು ಬರುತ್ತದೆ.

"ಇದಿ ಬಾಗುಂದಿ, ಚೆನ್ನಾಗೈತೆ" ಎಂದರು. "ಆದ್ರೆ ಮೇಲೆ ಇನ್ನೊಂದು ಸುತ್ತು ಹಾಕು. ನೀನು ತೂಕದ ಮನುಷ್ಯ."

ಬನ್ನಿ, ಹೋಗಿ ಅನ್ನುತ್ತಿದ್ದವರು 'ನೀನು' ಎಂದರು. ಅಳಿಯ ಇನ್ನೊಂದು ಸುತ್ತು ಹಾಕಿದ. ಹುಣಸೆಯ ತಗ್ಗಿನ ಕೊಂಬೆಗೆ ಹೋಗಿ ಅದರಲ್ಲೇ ನೇತಾಡಿ ನೋಡಿದ. ಗಟ್ಟಿಯಾಗಿ ನಿಂತಿತು.

ಸಂಜೆ ಅವನು ಸಾಮಾನೆಲ್ಲ ಜಗಲಿಯಲ್ಲೇ ಬಿಟ್ಟು ಮಗಳನ್ನು ಕರೆದುಕೊಂಡು ಶ್ರೀನಿವಾಸಪುರದ ಪೇಟೆಗೆ ಹೋದ. ಇವರು ಆ ಹೊತ್ತಿನಲ್ಲಿ ಸಣ್ಣ ಹಗ್ಗ ತೆಗೆದು ಹರಳೆಣ್ಣೆ ತಿಕ್ಕಿದರು. ನಮ್ಮಲ್ಲಿ ಹೊಸ ಹಗ್ಗಕ್ಕೆ ಎಣ್ಣೆ ಕುಡಿಸದೆ ಬಳಸುವುದಿಲ್ಲ. ಬಾವಿ ಹಗ್ಗವಾಗಲಿ, ಎತ್ತಿನ ಮೂಗುದಾರವಾಗಲಿ, ಎಣ್ಣೆ ಕುಡಿದರೆ ಮೆತ್ತಗಾಗುತ್ತದೆ, ಬೇಗ ಕೊಳೆಯುವುದಿಲ್ಲ. ಅದು ನಾರಿನ ಹಗ್ಗದ ಮಾತು. ಇದು ನೈಲಾನಿನ ಥರದ್ದು, ಎಣ್ಣೆ ಕುಡಿಯುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಇವರಿಗೆ ಅದು ತಿಳಿಯಲಿಲ್ಲ. ಅಳಿಯನಿಗೆ ಕೊಡುವುದಕ್ಕೆ ಇವರ ಹತ್ತಿರ ಇದ್ದದ್ದು ಅದೊಂದೇ ಉಪಚಾರ.

ಬೆಳಿಗ್ಗೆ ಅಳಿಯ ಕೈಗೆ ಗ್ಲೌಸು ಹಾಕಿಕೊಂಡೇ ಗಂಟು ಹಾಕಿದ. ಜಿಡ್ಡು ಗೊತ್ತಾಗಲಿಲ್ಲ. ನಿನ್ನೆ ನೋಡಿದ ಗಂಟೇ ಅಲ್ಲವೇ ಎಂದು ತಗ್ಗಿನಲ್ಲಿ ಮತ್ತೆ ನೋಡಲೂ ಇಲ್ಲ. ಮೇಲೆ ಹೋಗಿ ಕೊಂಬೆಯಿಂದ ಕಾಲು ತೆಗೆದು ಹಗ್ಗಕ್ಕೆ ಭಾರ ಬಿಟ್ಟ. ಗಂಟು ಕಚ್ಚಲಿಲ್ಲ. ಸರ್ರನೆ ಕೆಳಕ್ಕೆ ಬಂದ. ಹಗ್ಗ ಹಿಡಿದು ತಡೆದದ್ದರಿಂದ ಜೀವ ಉಳಿಯಿತು. ಗ್ಲೌಸು ಹರಿದು ಅಂಗೈ ಸುಟ್ಟಿತು, ಭುಜದ ಕೀಲು ತಪ್ಪಿತು.

ಬಿದ್ದಲ್ಲೇ ಅವನು ಆ ಗಂಟನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದ. ಇವರ ಮುಖ ನೋಡಿದ.

"ಹೊಸ ಹಗ್ಗ... ಬಿರುಸಾಗಿತ್ತು" ಎಂದರು ಇವರು. "ಅದಕ್ಕೆ ಒಂದಿಷ್ಟು..."

"ಹೋಗ್ಲಿ ಬಿಡಿ ಮಾವ" ಎಂದ.

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಬೈದವರ ಜೊತೆ ಜಗಳವಾಡಬಹುದು, ಜಗಳವಾಡಿದವರು ಮತ್ತೆ ಮಾತಾಡುತ್ತಾರೆ. ಮಗಳು ಮಾತ್ರ ಆಸ್ಪತ್ರೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪ ಬೇಕಂತ ಮಾಡಿದ್ದಲ್ಲ ಅಲ್ವೇನಮ್ಮ?" ಎಂದು ಕೇಳಿದಳು. ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಅವಳಿಗೆ ಆ ಅನುಮಾನ ಬರುವ ಹಾಗೆ ಅಷ್ಟು ವರ್ಷ ನಡೆದುಕೊಂಡವರು ಇವರೇ ತಾನೆ.

ಭುಜ ಸರಿಹೋಯಿತು. ಈ ವರ್ಷ ಅಳಿಯ ಮತ್ತೆ ಹುಣಸೆ ಇಳಿಸಲು ಬಂದ. ಬರದೆ ಇರಲಿಲ್ಲ, ಅದು ಅವನ ದೊಡ್ಡತನ. ಚೀಲದಿಂದ ಲೋಹದ ಒಂದು ಸಾಮಾನು ತೆಗೆದು ಹಗ್ಗಕ್ಕೆ ಸಿಕ್ಕಿಸಿದ.

"ಗಂಟೇ ಬೇಡ ಮಾವ ಇದಕ್ಕೆ. ಇದೇ ಹಿಡಿಯುತ್ತೆ, ಇದೇ ಬಿಡುತ್ತೆ."

ಇವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಬಿಗಿಯುವುದಕ್ಕೆ, ಸುತ್ತು ಕೂಡಿಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

"ಒಳ್ಳೇದಾಯ್ತು ಬಿಡಿ" ಎಂದು ವಾಪಸ್ಸು ಕೊಟ್ಟರು. ಅಳಿಯ ಮರ ಹತ್ತಿದ. ಇವರು ತಲೆ ಎತ್ತಿ ನೋಡದೆ ಕೆಳಗೆ ಬಿದ್ದ ಹುಣಸೆ ಆರಿಸುತ್ತಾ ಕೂತರು.